ಲಿಂಕ್‌ನೊಳಗಿನ ಶೇಕಡಾ ಚಿಹ್ನೆ: ಹೊಸೂರಿನ ವಿಳಾಸ ವೆಬ್ ಸರ್ವರ್‌ನಲ್ಲಿ ದಾರಿ ತಪ್ಪುವುದು ಯಾಕೆ?

ಹೊಸೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾದ ರೋಗಿಗೆ ಬಿ ಪಾಸಿಟಿವ್ ರಕ್ತ ತುರ್ತಾಗಿ ಬೇಕು ಎಂದುಕೊಳ್ಳಿ. ಊರಿನ ಹುಡುಗರೇ ಸೇರಿ ಮಾಡಿದ ರಕ್ತದಾನಿಗಳ ವೆಬ್‌ಸೈಟ್ ಇದೆ. ಒಬ್ಬ ಕಾರ್ಯಕರ್ತ ಹುಡುಕಾಟದ ಲಿಂಕನ್ನು ಕೈಯಲ್ಲೇ ಬರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ. ಅದರ ಕೊನೆಯಲ್ಲಿ ‘ಗುಂಪು=ಬಿ+’ ಎಂದಿದೆ. ಒತ್ತಿದವರಿಗೆಲ್ಲ ಬರುವ ಉತ್ತರ ಒಂದೇ: ‘ದಾನಿಗಳು ಯಾರೂ ಇಲ್ಲ’. ಅದೇ ಲಿಂಕ್‌ನಲ್ಲಿ ‘ಬಿ-’ ಎಂದು ಹಾಕಿದರೆ ಹೆಸರುಗಳು ಬರುತ್ತವೆ. ವೆಬ್‌ಸೈಟ್‌ಗೆ ಹೋಗಿ ಫಾರ್ಮ್‌ನಲ್ಲಿ ‘ಬಿ+’ ಆರಿಸಿದರೂ ಬರುತ್ತವೆ. ಲಿಂಕ್ ಒತ್ತಿದಾಗ ಮಾತ್ರ ಇಲ್ಲ. ‘ಸರ್ವರ್ ಹಾಳಾಗಿದೆ ಮಾರಾಯ’ ಎಂದು ಯಾರೋ ಹೇಳ್ತಾರೆ, ಉಳಿದವರು ಫೋನ್ ಹಚ್ಚಲು ಶುರು ಮಾಡ್ತಾರೆ.

ಸರ್ವರ್ ಹಾಳಾಗಿಲ್ಲ. ಲಿಂಕ್‌ನ ಈ ಭಾಗದಲ್ಲಿ ‘+’ ಎಂದರೆ ಖಾಲಿ ಜಾಗ ಎಂಬ ಹಳೆಯ ನಿಯಮವಿದೆ. ಸರ್ವರ್ ಆ ನಿಯಮದಂತೆ ‘ಬಿ+’ ಎಂಬುದನ್ನು ‘ಬಿ’ ಮತ್ತು ಒಂದು ಖಾಲಿ ಜಾಗ ಎಂದು ಓದಿತು. ಅಂಥ ರಕ್ತದ ಗುಂಪು ಪಟ್ಟಿಯಲ್ಲಿ ಇಲ್ಲ. ‘+’ ಬದಲಿಗೆ ‘%2ಬಿ’ ಎಂದು ಬರೆದಿದ್ದರೆ ದಾನಿಗಳ ಹೆಸರು ಸಿಗುತ್ತಿತ್ತು. ಫಾರ್ಮ್ ಮೂಲಕ ಹೋದಾಗ ಈ ಬದಲಾವಣೆಯನ್ನು ಬ್ರೌಸರ್ ತಾನೇ ಮಾಡಿಕೊಳ್ಳುತ್ತದೆ. ಕೈಯಲ್ಲಿ ಬರೆದ ಲಿಂಕ್‌ಗೆ ಆ ಸಹಾಯ ಸಿಗುವುದಿಲ್ಲ.

ಈ ಪದ್ಧತಿಗೆ ಪರ್ಸೆಂಟ್ ಎನ್‌ಕೋಡಿಂಗ್ ಎಂದು ಹೆಸರು. ವೆಬ್‌ಸೈಟ್ ನಡೆಸುವವರು, ಸಂಘಟನೆಗಳ ಐಟಿ ಕೆಲಸ ನೋಡಿಕೊಳ್ಳುವ ಯುವಕರು, ಲಿಂಕ್ ಹಂಚುವ ಕಾರ್ಯಕರ್ತರು ಎಲ್ಲರೂ ಇದನ್ನು ಸ್ವಲ್ಪವಾದರೂ ತಿಳಿದಿರಬೇಕು.

ವಿಳಾಸದಲ್ಲಿ ಕೆಲವು ಚಿಹ್ನೆಗಳಿಗೆ ಡ್ಯೂಟಿ ಇದೆ

ವೆಬ್ ವಿಳಾಸ, ಅಂದರೆ ಯುಆರ್‌ಎಲ್, ಹಲವು ತುಂಡುಗಳನ್ನು ಜೋಡಿಸಿದ ಒಂದು ಸಾಲು. ಮೊದಲು ಡೊಮೇನ್ ಹೆಸರು, ಆಮೇಲೆ ದಾರಿ, ಆಮೇಲೆ ಪ್ರಶ್ನೆಯ ಭಾಗ. ತುಂಡುಗಳ ನಡುವೆ ಗಡಿಕಲ್ಲಿನಂತೆ ಕೆಲವು ಚಿಹ್ನೆಗಳು ನಿಂತಿರುತ್ತವೆ. ‘/’ ದಾರಿಯ ಮೆಟ್ಟಿಲುಗಳನ್ನು ಬೇರೆ ಮಾಡುತ್ತದೆ. ‘?’ ಬಂದರೆ ದಾರಿ ಮುಗಿದು ಪ್ರಶ್ನೆ ಶುರುವಾಯಿತು ಎಂದರ್ಥ. ‘&’ ಒಂದು ಪ್ರಶ್ನೆಯಿಂದ ಇನ್ನೊಂದನ್ನು ಬೇರ್ಪಡಿಸುತ್ತದೆ. ‘=’ ಹೆಸರು ಮತ್ತು ಬೆಲೆಯ ನಡುವೆ ಬರುತ್ತದೆ. ‘#’ ಆದ ಮೇಲಿನದ್ದು ಬ್ರೌಸರ್‌ಗೆ ಮಾತ್ರ, ಅದು ಸರ್ವರ್‌ಗೆ ಹೋಗುವುದೇ ಇಲ್ಲ.

ತೊಂದರೆ ಬರುವುದು ಇದೇ ಚಿಹ್ನೆಗಳು ಮಾಹಿತಿಯ ಒಳಗೂ ಬಂದಾಗ. ಗಡಿಕಲ್ಲು ಯಾವುದು, ಹೊಲದೊಳಗಿನ ಕಲ್ಲು ಯಾವುದು ಎಂದು ಸರ್ವರ್‌ಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಮಾಹಿತಿಯೊಳಗಿನ ಚಿಹ್ನೆಯನ್ನು ತೆಗೆದು, ಅದರ ಜಾಗದಲ್ಲಿ ‘%’ ಮತ್ತು ಎರಡಂಕಿಯ ಸಂಕೇತವನ್ನು ಇಡುತ್ತಾರೆ. ಈ ಸಂಕೇತ ಹದಿನಾರರ ಲೆಕ್ಕದ್ದು. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ, ಆಮೇಲೆ ಎ ಯಿಂದ ಎಫ್ ವರೆಗೆ ಅಕ್ಷರ. ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಲಿಂಕ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

ಹೆಚ್ಚಾಗಿ ಬೇಕಾಗುವ ಸಂಕೇತಗಳು ಇವು:

- ಖಾಲಿ ಜಾಗ: %20
- # (ಹ್ಯಾಶ್): %23
- % (ಶೇಕಡಾ): %25
- & (ಆ್ಯಂಡ್): %26
- + (ಪ್ಲಸ್): %2ಬಿ
- / (ಓರೆಗೆರೆ): %2ಎಫ್
- = (ಸಮ): %3ಡಿ
- ? (ಪ್ರಶ್ನೆ): %3ಎಫ್

ವೆಬ್ ವಿಳಾಸದ ನಿಯಮಗಳನ್ನು ಮೊದಲ ಬಾರಿ ಅಧಿಕೃತವಾಗಿ ಬರೆದದ್ದು 1994ರ ಡಿಸೆಂಬರ್‌ನಲ್ಲಿ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅದನ್ನು ಬರೆದವರಲ್ಲಿ ಒಬ್ಬರು. ಇಂದು ಜಾರಿಯಲ್ಲಿರುವುದು 2005ರ ಜನವರಿಯ ಆರ್‌ಎಫ್‌ಸಿ 3986. ಅದರ ಪ್ರಕಾರ ಯಾವ ಬದಲಾವಣೆಯೂ ಬೇಡದ ಅಕ್ಷರಗಳು 66 ಮಾತ್ರ: ಇಂಗ್ಲಿಷ್‌ನ ದೊಡ್ಡ ಮತ್ತು ಸಣ್ಣ ಅಕ್ಷರ 52, ಅಂಕಿ 10, ಜೊತೆಗೆ ಅಡ್ಡಗೆರೆ, ಚುಕ್ಕಿ, ಕೆಳಗೆರೆ, ಅಲೆಗೆರೆ. ಡ್ಯೂಟಿ ಇರುವ ಚಿಹ್ನೆಗಳು 18. ‘ಬಿ-’ ಲಿಂಕ್ ಕೆಲಸ ಮಾಡಿದ್ದಕ್ಕೂ ‘ಬಿ+’ ಮಾಡದಿದ್ದಕ್ಕೂ ಕಾರಣ ಇದೇ. ಅಡ್ಡಗೆರೆ ಆ 66ರಲ್ಲಿದೆ, ಪ್ಲಸ್ ಈ 18ರಲ್ಲಿದೆ.

ಹೊಸೂರು ಕಡೆಯ ವಿಳಾಸ ಎಡವುವ ಜಾಗಗಳು

ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಹೊಸೂರು, 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದು. ಅಲ್ಲಿನ ಬೀದಿಯಲ್ಲಿ ತಮಿಳು, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಸುತ್ತದೆ. ಅಂಥ ಊರಿನ ಬಾಡಿಗೆ ಮನೆ, ಕೆಲಸ, ಜಮೀನು, ಅಂಗಡಿಯ ಮಾಹಿತಿಯನ್ನು ವೆಬ್‌ಗೆ ಹಾಕುವಾಗ ಮೇಲಿನ ಚಿಹ್ನೆಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ.

ಮೊದಲನೆಯದು ಜಮೀನಿನ ಸರ್ವೆ ನಂಬರ್. ‘218/2’ ಎಂಬಂತೆ ಉಪವಿಭಾಗ ಓರೆಗೆರೆಯ ನಂತರ ಬರುತ್ತದೆ. ‘/ಜಮೀನು/218/2’ ಎಂದು ಲಿಂಕ್ ಮಾಡಿದರೆ ಸರ್ವರ್ ‘218’ ಎಂಬ ಮೆಟ್ಟಿಲು, ಅದರ ಕೆಳಗೆ ‘2’ ಎಂಬ ಇನ್ನೊಂದು ಮೆಟ್ಟಿಲು ಎಂದು ಓದುತ್ತದೆ. ಪುಟ ಸಿಗದೇ ಹೋಗಬಹುದು, ಬೇರೆ ಪುಟವೂ ಸಿಗಬಹುದು. ಒಂದೇ ನಂಬರ್ ಎಂದು ತಿಳಿಸಬೇಕಾದರೆ ‘218%2ಎಫ್2’ ಎಂದಿರಬೇಕು.

ಎರಡನೆಯದು ಡೋರ್ ನಂಬರ್. ಬೆಂಗಳೂರು, ಹೊಸೂರು ಕಡೆ ‘#14’ ಎಂದು ಬರೆಯುವುದು ರೂಢಿ. ಹುಡುಕಾಟದ ಲಿಂಕ್‌ನಲ್ಲಿ ‘ವಿಳಾಸ=#14’ ಎಂದು ಹಾಗೇ ಇಟ್ಟರೆ ಸರ್ವರ್‌ಗೆ ಮುಟ್ಟುವುದು ‘ವಿಳಾಸ=’ ಎಂಬಲ್ಲಿಯವರೆಗೆ ಮಾತ್ರ. ಸರ್ವರ್‌ನ ಲಾಗ್ ತೆಗೆದು ನೋಡಿದರೂ 14ರ ಸುಳಿವು ಸಿಗದು, ಯಾಕೆಂದರೆ ಅದು ಫೋನ್‌ನಿಂದ ಹೊರಟೇ ಇಲ್ಲ.

ಮೂರನೆಯದು ಸಿಪ್ಕಾಟ್. ಕೆಲಸದ ಜಾಹೀರಾತಿನಲ್ಲಿ ‘ಸಿಪ್ಕಾಟ್ ಫೇಸ್ 1 & 2’ ಎಂದಿದ್ದರೆ ‘&’ ಬಂದಲ್ಲಿ ಸಾಲು ತುಂಡಾಗುತ್ತದೆ. ಸರ್ವರ್‌ಗೆ ಕಾಣುವುದು ಫೇಸ್ 1 ಮಾತ್ರ. ಎರಡನೇ ಫೇಸ್‌ನ ಕೆಲಸಗಳು ಪಟ್ಟಿಯಲ್ಲಿ ಇದ್ದರೂ ಹುಡುಕುವವನ ಕಣ್ಣಿಗೆ ಬೀಳುವುದಿಲ್ಲ. ಎರರ್ ಏನೂ ಬರುವುದಿಲ್ಲ, ಆದ್ದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ.

ನಾಲ್ಕನೆಯದು ಬರೀ ಶೇಕಡಾ ಚಿಹ್ನೆ. ‘50% ರಿಯಾಯಿತಿ’ ಎಂಬ ಹೆಸರಿನ ಪೋಸ್ಟರ್ ಫೈಲನ್ನು ಹಾಗೇ ಲಿಂಕ್ ಮಾಡಿದರೆ, ‘%’ ನಂತರ ಸರಿಯಾದ ಎರಡಂಕಿ ಸಂಕೇತ ಇಲ್ಲದ ಕಾರಣ ಅಪಾಚೆ, ಎಂಜಿನ್‌ಎಕ್ಸ್ ಎರಡೂ ‘400 ತಪ್ಪು ಕೋರಿಕೆ’ ಎಂದು ವಾಪಸ್ ಕಳಿಸುತ್ತವೆ.

ವಾಟ್ಸ್‌ಆ್ಯಪ್‌ನ ‘ಟೆಕ್ಸ್ಟ್=’ ಲಿಂಕ್‌ಗಳಲ್ಲೂ ಇದೇ ಕತೆ. ಒತ್ತಿದ ಕೂಡಲೇ ಸಂದೇಶ ತಯಾರಾಗಿ ಬರುವ ಈ ಲಿಂಕ್‌ಗಳನ್ನು ಅಂಗಡಿಯವರೂ ಸಂಘಟನೆಯವರೂ ಬಳಸುತ್ತಾರೆ. ಒಳಗಿನ ಬರಹದಲ್ಲಿ ‘&’ ಅಥವಾ ‘#’ ಇದ್ದರೆ ಸಂದೇಶ ಅರ್ಧಕ್ಕೇ ನಿಲ್ಲುತ್ತದೆ. ಹೊಸ ಸಾಲು ಬೇಕಿದ್ದರೆ ‘%0ಎ’ ಹಾಕಬೇಕು.

ಕನ್ನಡ ಅಕ್ಷರಕ್ಕೆ ಒಂಬತ್ತು ಜಾಗ

ಆ 66ರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಹಾಗಾಗಿ ಕನ್ನಡದ ಪ್ರತಿ ಅಕ್ಷರವೂ ಶೇಕಡಾ ಚಿಹ್ನೆಯ ಮೂಲಕವೇ ಹೋಗಬೇಕು. ಬ್ಯಾರಿ ಭಾಷೆಯನ್ನೂ ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಬ್ಯಾರಿ ಶೀರ್ಷಿಕೆಗಳಿಗೂ ಇದೇ ಗತಿ.

ನಡೆಯುವುದು ಹೀಗೆ. ಯುನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇತ್ತು. ‘ಕ’ ಅಕ್ಷರದ ಸಂಖ್ಯೆ 3221. ಈ ಸಂಖ್ಯೆಯನ್ನು ಬೈಟ್‌ಗಳಾಗಿ ಮಾಡುವ ಯುಟಿಎಫ್-8 ವಿಧಾನವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಅದರ ಪ್ರಕಾರ ‘ಕ’ ಮೂರು ಬೈಟ್ ಆಗುತ್ತದೆ: 224, 178, 149. ಪ್ರತಿ ಬೈಟ್‌ಗೂ ‘%’ ಮತ್ತು ಎರಡಂಕಿ. ಕೊನೆಗೆ ಸಿಗುವುದು ‘%ಇ0%ಬಿ2%95’. ಒಂದು ಅಕ್ಷರಕ್ಕೆ ಒಂಬತ್ತು ಜಾಗ.

ಸ್ವರಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ವಿರಾಮ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ ಇದೆ. ‘ಹೊಸೂರು’ ನೋಡಲು ಮೂರು ಅಕ್ಷರ, ಲೆಕ್ಕದಲ್ಲಿ ಆರು. ಲಿಂಕ್‌ನಲ್ಲಿ ಅದು 54 ಜಾಗ ಹಿಡಿಯುತ್ತದೆ. ತಮಿಳು ಲಿಪಿಯಲ್ಲಿ ಊರಿನ ಹೆಸರು ಐದು ಸಂಕೇತ, 45 ಜಾಗ. ಇಂಗ್ಲಿಷ್‌ನಲ್ಲಿ ಐದೇ ಐದು. ‘ಕೃಷ್ಣಗಿರಿ’ ಒಂಬತ್ತು ಸಂಕೇತ, 81 ಜಾಗ.

ಗಡಿ ಊರಿನ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಒಂದು ಉಪಯೋಗದ ಗುರುತು ಇದೆ. ಲಾಗ್‌ನಲ್ಲಿ ‘%ಇ0’ ಆದ ಮೇಲೆ ‘ಬಿ2’ ಅಥವಾ ‘ಬಿ3’ ಬಂದರೆ ಅದು ಕನ್ನಡ. ‘ಎಇ’ ಅಥವಾ ‘ಎಎಫ್’ ಬಂದರೆ ತಮಿಳು. ‘ಬಿ0’, ‘ಬಿ1’ ತೆಲುಗು. ‘ಬಿ4’, ‘ಬಿ5’ ಮಲಯಾಳ. ಉರ್ದು, ಅರಬಿ ಅಕ್ಷರಗಳು ಎರಡೇ ಬೈಟ್, ಸಾಮಾನ್ಯವಾಗಿ ‘%ಡಿ8’ರಿಂದ ‘%ಡಿಬಿ’ವರೆಗೆ ಶುರುವಾಗುತ್ತವೆ. ಯಾವ ಭಾಷೆಯ ಓದುಗರ ಲಿಂಕ್ ಮುರಿಯುತ್ತಿದೆ ಎಂದು ಅಕ್ಷರ ಬಿಡಿಸದೆಯೇ ಹೇಳಬಹುದು.

ಶೀರ್ಷಿಕೆ ಅರ್ಧಕ್ಕೆ ಕತ್ತರಿಸಿ ಹೋಗುವುದು

ಕನ್ನಡದ ಎಷ್ಟೋ ಸುದ್ದಿ ಪೋರ್ಟಲ್‌ಗಳು ವರ್ಡ್‌ಪ್ರೆಸ್‌ನಲ್ಲಿ ನಡೆಯುತ್ತವೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ಲಿಂಕ್ ಮಾಡುವಾಗ ಶೇಕಡಾ ರೂಪದಲ್ಲಿ 200 ಜಾಗ ಮಾತ್ರ ಕೊಡುತ್ತದೆ. ಇಂಗ್ಲಿಷ್‌ಗೆ 200 ಅಕ್ಷರ ಧಾರಾಳ. ಕನ್ನಡಕ್ಕೆ ಒಂಬತ್ತರಿಂದ ಭಾಗಿಸಿದರೆ 22 ಸಂಕೇತ, ಅಷ್ಟೇ.

‘ಹೊಸೂರು ಕೃಷ್ಣಗಿರಿ ರಸ್ತೆ ಅಪಘಾತ’ ಎಂಬ ಶೀರ್ಷಿಕೆ ತೆಗೆದುಕೊಳ್ಳಿ. ಹೊಸೂರು 54, ಕೃಷ್ಣಗಿರಿ 81, ರಸ್ತೆ 45, ನಡುವಿನ ಗೆರೆಗಳು ಮೂರು. ಒಟ್ಟು 183. ಉಳಿದ 17ರಲ್ಲಿ ಹಿಡಿಯುವುದು ‘ಅ’ ಒಂದೇ. ಲಿಂಕ್ ‘ಹೊಸೂರು-ಕೃಷ್ಣಗಿರಿ-ರಸ್ತೆ-ಅ’ ಎಂದು ನಿಲ್ಲುತ್ತದೆ. ‘ಅಪಘಾತ’ವೋ ‘ಅಗಲೀಕರಣ’ವೋ ಲಿಂಕ್ ನೋಡಿದವರಿಗೆ ತಿಳಿಯದು. ಆದ್ದರಿಂದ ಪೋರ್ಟಲ್‌ನವರು ಲಿಂಕ್ ಭಾಗವನ್ನು ತಾವೇ ಚಿಕ್ಕದಾಗಿ ಬರೆಯುವುದು ಒಳ್ಳೆಯದು. ಕನ್ನಡದಲ್ಲೇ ಇಡುವುದಾದರೆ ಎರಡು ಅಥವಾ ಮೂರು ಪದ ಸಾಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಾ ಲೇಖನದ ಹೆಸರನ್ನೇ ಕನ್ನಡದಲ್ಲಿ ವಿಳಾಸವಾಗಿ ಬಳಸುತ್ತಾ ಬಂದಿದೆ. ಕನ್ನಡ ಲಿಂಕ್ ಆಗುವುದೇ ಇಲ್ಲ ಎಂಬುದು ಸುಳ್ಳು.

ನೋಡಲು ಒಂದೇ, ಬೈಟ್‌ನಲ್ಲಿ ಬೇರೆ

ಕನ್ನಡದ್ದೇ ಆದ ಇನ್ನೊಂದು ತೊಡಕು ಇದೆ. ‘ಹೊ’ದಲ್ಲಿರುವ ಒ-ಸ್ವರಚಿಹ್ನೆಯನ್ನು ಎರಡು ರೀತಿ ದಾಖಲಿಸಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎ-ಸ್ವರಚಿಹ್ನೆ ಮತ್ತು ಊ-ಸ್ವರಚಿಹ್ನೆ ಎಂದು ಎರಡಾಗಿ. ಪರದೆಯ ಮೇಲೆ ಎರಡೂ ‘ಹೊಸೂರು’ ಎಂದೇ ಕಾಣುತ್ತದೆ. ಲಿಂಕ್‌ನಲ್ಲಿ ಒಂದು 54 ಜಾಗ, ಇನ್ನೊಂದು 63. ಸರ್ವರ್ ಬೈಟ್‌ಗಳನ್ನು ಹೋಲಿಸುವುದರಿಂದ ಅದರ ಪಾಲಿಗೆ ಇವು ಎರಡು ಬೇರೆ ಊರು. ಹಳೆಯ ಮ್ಯಾಕ್ ಕಂಪ್ಯೂಟರ್‌ಗಳ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಅಪ್‌ಲೋಡ್ ಮಾಡಿದ ಫೋಟೋ ಸರ್ವರ್‌ನಲ್ಲಿ ಇದ್ದರೂ ಟೈಪ್ ಮಾಡಿದ ಲಿಂಕ್‌ಗೆ ಸಿಗುವುದಿಲ್ಲ.

‘ಬ್ಯಾಂಕ್‌ಗೆ’ ಎಂಬ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ‘ಕ್’ ಮತ್ತು ‘ಗೆ’ ಒತ್ತಕ್ಷರವಾಗಿ ಕೂಡದಂತೆ ತಡೆಯುವುದು ಅದರ ಕೆಲಸ. ಕಾಣದಿದ್ದರೂ ಲಿಂಕ್‌ನಲ್ಲಿ ಅದಕ್ಕೂ ಒಂಬತ್ತು ಜಾಗ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೇ ಟೈಪ್ ಮಾಡಿದರೆ ಮತ್ತೆ ಎರಡು ವಿಳಾಸ. ಪರಿಹಾರ ಒಂದೇ: ಹೆಸರನ್ನು ಉಳಿಸುವ ಮುಂಚೆಯೂ ಹುಡುಕುವ ಮುಂಚೆಯೂ ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರುವುದು, ಕಾಣದ ಸಂಕೇತಗಳನ್ನು ಲಿಂಕ್‌ನಿಂದ ತೆಗೆಯುವುದು. ವಿಕಿಪೀಡಿಯಾದ ತಂತ್ರಾಂಶವೂ ಶೀರ್ಷಿಕೆಗಳನ್ನು ಎನ್‌ಎಫ್‌ಸಿಗೆ ತಂದೇ ಇಡುತ್ತದೆ.

ಡೊಮೇನ್ ಹೆಸರಿಗೆ ಮಾತ್ರ ಈ ಶೇಕಡಾ ಪದ್ಧತಿ ಇಲ್ಲ. ಕನ್ನಡದ ಡೊಮೇನ್ ಹೆಸರನ್ನು ಪ್ಯೂನಿಕೋಡ್ ಎಂಬ ಬೇರೆ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ತಿರುಗಿಸುತ್ತಾರೆ.

ಪಾರ್ಸೆಲ್ ಬಿಚ್ಚುವುದು ಯಾರು?

ಮಂಗಳೂರಿನಿಂದ ಹೊಸೂರಿಗೆ ಬಸ್‌ನಲ್ಲಿ ಕಳಿಸಿದ ಪಾರ್ಸೆಲ್ ನಡುವೆ ಬೆಂಗಳೂರಿನಲ್ಲಿ ಬದಲಾಗುತ್ತದೆ. ಅಲ್ಲಿ ಯಾರೋ ಕಟ್ಟು ಬಿಚ್ಚಿ ಹಾಗೇ ಮುಂದೆ ಕಳಿಸಿದರೆ ಸಾಮಾನು ಚೆಲ್ಲುತ್ತದೆ. ಬಿಚ್ಚಿದ್ದನ್ನು ಗಮನಿಸದೆ ಮುಂದಿನವರು ಮತ್ತೊಮ್ಮೆ ಬಿಚ್ಚಲು ಹೋದರೆ ಒಳಗಿನ ಡಬ್ಬಿಯೂ ತೆರೆದುಕೊಳ್ಳುತ್ತದೆ. ವೆಬ್ ಸರ್ವರ್‌ನಲ್ಲಿ ಆಗುವ ಎಡವಟ್ಟುಗಳೂ ಇವೇ ಎರಡು. ಕೋರಿಕೆ ಮೊದಲು ಮುಂಬಾಗಿಲಿನ ಸರ್ವರ್‌ಗೆ ಬರುತ್ತದೆ, ಅದು ಒಳಗಿನ ಅಪ್ಲಿಕೇಶನ್‌ಗೆ ದಾಟಿಸುತ್ತದೆ. ಇವರಲ್ಲಿ ಯಾರು ಬಿಚ್ಚಬೇಕು ಎಂದು ಮೊದಲೇ ತೀರ್ಮಾನ ಆಗಿರಬೇಕು.

ಅಪಾಚೆ ಸರ್ವರ್ ದಾರಿಯಲ್ಲಿ ‘%2ಎಫ್’ ಕಂಡರೆ ಪೂರ್ವನಿಯೋಜಿತವಾಗಿ ‘404 ಸಿಗಲಿಲ್ಲ’ ಎನ್ನುತ್ತದೆ. ಸರ್ವೆ ನಂಬರ್‌ನ ಲಿಂಕ್ ಸರಿಯಾಗಿ ಬರೆದರೂ ಪುಟ ಬರುವುದಿಲ್ಲ, ಅಪ್ಲಿಕೇಶನ್ ಲಾಗ್‌ನಲ್ಲೂ ಏನೂ ಇರುವುದಿಲ್ಲ. ‘ಅಲೌ ಎನ್‌ಕೋಡೆಡ್ ಸ್ಲ್ಯಾಶಸ್’ ಎಂಬ ಸೆಟ್ಟಿಂಗ್‌ನಿಂದ ಇದನ್ನು ಬದಲಿಸಬಹುದು. ‘ಆನ್’ ಎಂದರೆ ಅಪಾಚೆ ಒಪ್ಪಿಕೊಂಡು ಬಿಚ್ಚಿಬಿಡುತ್ತದೆ. ‘ನೋ ಡಿಕೋಡ್’ ಎಂದರೆ ಒಪ್ಪಿಕೊಳ್ಳುತ್ತದೆ, ಬಿಚ್ಚದೆ ಹಾಗೇ ಒಳಗೆ ಕೊಡುತ್ತದೆ. ಸುರಕ್ಷತೆಗಾಗಿ ಎರಡನೆಯದನ್ನೇ ಬಳಸಿ ಎಂದು ಅಪಾಚೆಯವರೇ ಹೇಳುತ್ತಾರೆ.

ಎಂಜಿನ್‌ಎಕ್ಸ್ ಯಾವ ನಿಯಮ ಅನ್ವಯ ಎಂದು ನೋಡುವಾಗ ವಿಳಾಸವನ್ನು ಬಿಚ್ಚಿಯೇ ನೋಡುತ್ತದೆ. ಒಳಗೆ ದಾಟಿಸುವಾಗ ಮಾತ್ರ ‘ಪ್ರಾಕ್ಸಿ ಪಾಸ್’ ಸಾಲನ್ನು ಅವಲಂಬಿಸುತ್ತದೆ. ಆ ಸಾಲಿನಲ್ಲಿ ಸರ್ವರ್ ಹೆಸರಿನ ನಂತರ ಬೇರೇನೂ ಇಲ್ಲದಿದ್ದರೆ ಬಂದ ವಿಳಾಸ ಬಂದ ಹಾಗೇ ಒಳಗೆ ಹೋಗುತ್ತದೆ. ಕೊನೆಗೆ ಒಂದೇ ಒಂದು ‘/’ ಸೇರಿಸಿದರೂ ಬಿಚ್ಚಿ ಸರಿಪಡಿಸಿದ ರೂಪ ಬಳಕೆಯಾಗುತ್ತದೆ. ‘ನಿನ್ನೆವರೆಗೆ ಸರಿ ಇತ್ತು, ಇವತ್ತು ಓಪನ್ ಆಗ್ತಿಲ್ಲ’ ಎಂಬ ದೂರಿನ ಹಿಂದೆ ಈ ಒಂದು ಗೆರೆ ಇರುವುದುಂಟು.

ಎರಡು ಸಲ ಬಿಚ್ಚಿದರೆ ಕಳ್ಳ ಒಳಗೆ

ಇದು ಬರೀ ಲಿಂಕ್ ಮುರಿಯುವ ಪ್ರಶ್ನೆ ಅಲ್ಲ. ದಾರಿಯಲ್ಲಿ ‘../’ ಎಂದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗು ಎಂದು. ಇದನ್ನು ಬಳಸಿ ಯಾರೂ ವೆಬ್‌ಸೈಟ್‌ನ ಫೋಲ್ಡರ್ ದಾಟಿ ಹೊರಗೆ ಹೋಗದಂತೆ ಸರ್ವರ್ ತಡೆಯುತ್ತದೆ. ತಪಾಸಣೆ ಆದ ಮೇಲೆ ಬಿಚ್ಚಿದರೆ ಈ ತಡೆ ವ್ಯರ್ಥ.

ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ನಲ್ಲಿ 2000 ಮತ್ತು 2001ರಲ್ಲಿ ಇಂಥ ಎರಡು ಲೋಪ ಪತ್ತೆಯಾದವು. ಎರಡನೆಯದು ಒಂದೇ ವಿಳಾಸವನ್ನು ಎರಡು ಸಲ ಬಿಚ್ಚುವ ತಪ್ಪು. 2001ರ ಸೆಪ್ಟೆಂಬರ್‌ನಲ್ಲಿ ಜಗತ್ತಿನಾದ್ಯಂತ ಹರಡಿದ ನಿಮ್ಡಾ ವರ್ಮ್ ಈ ಎರಡೂ ಲೋಪಗಳನ್ನು ಬಳಸಿತು. ಇಪ್ಪತ್ತು ವರ್ಷ ಕಳೆದು 2021ರಲ್ಲಿ ಅಪಾಚೆಯ 2.4.49 ಆವೃತ್ತಿಯಲ್ಲಿ ಚುಕ್ಕಿಯನ್ನು ‘%2ಇ’ ಎಂದು ಬರೆದರೆ ತಪಾಸಣೆ ತಪ್ಪಿಸಬಹುದು ಎಂದು ಗೊತ್ತಾಯಿತು. ಅಕ್ಟೋಬರ್‌ನಲ್ಲಿ 2.4.50 ಬಂತು. ದಾಳಿಕೋರರು ಅದೇ ಚುಕ್ಕಿಯನ್ನು ‘%%32%65’ ಎಂದು ಎರಡು ಪದರದಲ್ಲಿ ಬರೆದರು, ಅದೂ ಒಳಗೆ ಹೋಯಿತು. ಕೆಲವೇ ದಿನದಲ್ಲಿ 2.4.51 ಬಿಡುಗಡೆ ಮಾಡಬೇಕಾಯಿತು. ದಾನಿಗಳ ಫೋನ್ ನಂಬರ್, ವಿದ್ಯಾರ್ಥಿವೇತನದ ಅರ್ಜಿ ಇಟ್ಟುಕೊಂಡ ಚಿಕ್ಕ ವೆಬ್‌ಸೈಟ್‌ಗೂ ಇದೇ ಅಪಾಯ ಇದೆ.

ವೆಬ್‌ಸೈಟ್ ಮಾಡುವವರು ನೆನಪಿಡಬೇಕಾದ್ದು

- ಇಡೀ ಲಿಂಕ್ ಜೋಡಿಸಿದ ಮೇಲೆ ಎನ್‌ಕೋಡ್ ಮಾಡಬೇಡಿ. ಪ್ರತಿ ತುಂಡನ್ನೂ ಬೇರೆಯಾಗಿ ಎನ್‌ಕೋಡ್ ಮಾಡಿ, ಆಮೇಲೆ ಜೋಡಿಸಿ.
- ಜಾವಾಸ್ಕ್ರಿಪ್ಟ್‌ನಲ್ಲಿ ‘ಎನ್‌ಕೋಡ್ ಯುಆರ್‌ಐ’ ಎಂಬುದು ‘&’, ‘+’, ‘#’, ‘/’ಗಳನ್ನು ಮುಟ್ಟುವುದಿಲ್ಲ. ಮಾಹಿತಿಗೆ ಬೇಕಾದದ್ದು ‘ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್’.
- ಪಿಎಚ್‌ಪಿಯಲ್ಲಿ ದಾರಿಗೆ ‘ರಾ ಯುಆರ್‌ಎಲ್ ಎನ್‌ಕೋಡ್’ ಬಳಸಿ. ಬರೀ ‘ಯುಆರ್‌ಎಲ್ ಎನ್‌ಕೋಡ್’ ಖಾಲಿ ಜಾಗವನ್ನು ‘+’ ಮಾಡುತ್ತದೆ, ದಾರಿಯಲ್ಲಿ ‘+’ ಎಂದರೆ ಪ್ಲಸ್ಸೇ.
- ಪೈಥಾನ್‌ನ ‘ಕೋಟ್’ ಓರೆಗೆರೆಯನ್ನು ತಾನಾಗಿ ಬದಲಿಸುವುದಿಲ್ಲ. ಸರ್ವೆ ನಂಬರ್‌ಗೆ ಅದನ್ನು ಹೇಳಿ ಮಾಡಿಸಬೇಕು.
- ಲಾಗ್‌ನಲ್ಲಿ ‘%2520’ ಕಂಡರೆ ಖಾಲಿ ಜಾಗವನ್ನು ಎರಡು ಸಲ ಎನ್‌ಕೋಡ್ ಮಾಡಿದ್ದಾರೆ ಎಂದರ್ಥ. ಯಾವ ಹಂತದಲ್ಲಿ ಎಂದು ಹುಡುಕಿ. ಒಂದು ಲಿಂಕ್‌ನ ಒಳಗೆ ಇನ್ನೊಂದು ಲಿಂಕ್ ಇಟ್ಟಾಗ ಮಾತ್ರ ಇದು ಸರಿ ಇರಬಹುದು.
- ಮೊದಲು ಒಂದೇ ಸಲ ಬಿಚ್ಚಿ, ಆಮೇಲೆ ತಪಾಸಣೆ ಮಾಡಿ, ಮತ್ತೆ ಬಿಚ್ಚಬೇಡಿ.
- ಸಾಧ್ಯವಾದಲ್ಲಿ ತೊಡಕನ್ನೇ ತಪ್ಪಿಸಿ. ‘218/2’ ಬದಲು ‘218-2’, ‘ಬಿ+’ ಬದಲು ‘ಬಿ-ಪಾಸಿಟಿವ್’ ಎಂದು ಲಿಂಕ್‌ನಲ್ಲಿ ಇಡಬಹುದು.
- ಪರೀಕ್ಷೆಗೆ ಬರೀ ‘ಟೆಸ್ಟ್’ ಎಂದು ಹೊಡೆದು ಬಿಡಬೇಡಿ. ‘ಹೊಸೂರು #14, ಫೇಸ್ 1 & 2, ಬಿ+, 50%’ ಎಂದು ಹಾಕಿ ನೋಡಿ. ಅದು ಪೂರ್ತಿ ವಾಪಸ್ ಬಂದರೆ ಹೆಚ್ಚಿನದ್ದೆಲ್ಲ ಸರಿ ಇದೆ.

ಲಿಂಕ್ ಹಂಚುವವರಿಗೆ, ಒತ್ತುವವರಿಗೆ

ಕನ್ನಡ ಲಿಂಕನ್ನು ಬ್ರೌಸರ್‌ನಿಂದ ಕಾಪಿ ಮಾಡಿದರೆ ಅನೇಕ ಸಲ ಉದ್ದದ ಶೇಕಡಾ ಸಾಲು ಬರುತ್ತದೆ. ‘ಎಂತ ಇದು, ವೈರಸ್ಸಾ?’ ಎಂದು ಹಿರಿಯರು ಕೇಳ್ತಾರೆ. ಶೇಕಡಾ ಚಿಹ್ನೆ ಇದ್ದ ಮಾತ್ರಕ್ಕೆ ಲಿಂಕ್ ಕೆಟ್ಟದ್ದಲ್ಲ. ನೋಡಬೇಕಾದ್ದು ಎರಡು ಓರೆಗೆರೆಗಳ ನಂತರ ಮುಂದಿನ ಓರೆಗೆರೆವರೆಗೆ ಇರುವ ಡೊಮೇನ್ ಹೆಸರು. ಅದು ಗೊತ್ತಿರುವ ಸಂಸ್ಥೆಯದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಆ ಭಾಗದಲ್ಲಿ ‘@’ ಇದ್ದರೆ ಎಚ್ಚರ, ಅದರ ಹಿಂದಿನದ್ದು ಬರೀ ತೋರಿಕೆ, ನಿಜವಾದ ಡೊಮೇನ್ ‘@’ ನಂತರದ್ದು.

ಲಿಂಕನ್ನು ಕೈಯಿಂದ ತಿದ್ದಿ ‘ಚಂದ’ ಮಾಡಲು ಹೋಗಬೇಡಿ. ಉದ್ದ ಸಾಲಿನ ನಡುವೆ ಒಂದು ಅಂಕಿ ಅಳಿಸಿದರೂ ಅಕ್ಷರ ಒಡೆಯುತ್ತದೆ, ನಡುವೆ ಸ್ಪೇಸ್ ಬಿದ್ದರೆ ಲಿಂಕ್ ಅಲ್ಲಿಗೇ ಮುಗಿಯುತ್ತದೆ. ಕಳಿಸುವ ಮುಂಚೆ ನೀವೇ ಒಮ್ಮೆ ಒತ್ತಿ ನೋಡಿ. ರಕ್ತದ ಗುಂಪಿನ ಲಿಂಕ್ ಆದರೆ ಪಾಸಿಟಿವ್, ನೆಗೆಟಿವ್ ಎರಡನ್ನೂ ಒತ್ತಿ ನೋಡಿ. ಜೊತೆಗೆ ಸಂದೇಶದಲ್ಲಿ ಗುಂಪಿನ ಹೆಸರನ್ನು ‘ಬಿ ಪಾಸಿಟಿವ್’ ಎಂದು ಅಕ್ಷರದಲ್ಲೂ ಬರೆಯಿರಿ. ಲಿಂಕ್ ಕೈಕೊಟ್ಟರೂ ಯಾವ ರಕ್ತ ಬೇಕು ಎಂಬುದು ಓದಿದವರಿಗೆ ಗೊತ್ತಿರುತ್ತದೆ.